ಬಿದಿರು ಗಳದಲ್ಲೇ ಮೂರು ಬ್ಯಾಂಡ್ ವರ್ಟಿಕಲ್ ಆಂಟೆನಾ

ಹೊಸದಾಗಿ ಹ್ಯಾಮ್ (ಹವ್ಯಾಸಿ ರೇಡಿಯೊ) ಲೈಸೆನ್ಸ್ ಪಡೆದವರು ದುಬಾರಿ ಆಂಟೆನಾಕ್ಕೆ ಆತುರಪಡಬೇಡಿ. ಮೈಸೂರಿನ ಬಂಬೂ ಬಜಾರ್‌ನಲ್ಲಿ 20 ಅಡಿಯ ನೆಟ್ಟಗಿನ ಗಳ ತನ್ನಿ. ಮನೆ ವೈರಿಂಗ್‌ನ 1 ಚದರ ಮಿ.ಮೀ. ವೈರ್ ಸಾಕು.

ಲೆಕ್ಕ ಸುಲಭ: 71.5 ಅನ್ನು ಬ್ಯಾಂಡಿನ ಮೆಗಾಹರ್ಟ್ಸ್ ಆವರ್ತನದಿಂದ ಭಾಗಿಸಿದರೆ ಕಾಲು ತರಂಗದ ಉದ್ದ ಮೀಟರ್‌ನಲ್ಲಿ ಬರುತ್ತದೆ. 14.2ಕ್ಕೆ 5.03, 21.2ಕ್ಕೆ 3.37, 28.5ಕ್ಕೆ 2.51. ಈ ಉದ್ದದ ಮೂರು ವೈರ್‌ಗಳನ್ನು ಗಳಕ್ಕೆ ಕಟ್ಟಿ; ಮೂರರ ಬುಡವೂ ಕೋಆಕ್ಸ್‌ನ (ರೇಡಿಯೊದಿಂದ ಆಂಟೆನಾಕ್ಕೆ ಬರುವ ಕೇಬಲ್) ನಡುತಂತಿಗೆ ಸೇರಲಿ. ಮೇಲೆ ಹೋದಂತೆ ಪಿವಿಸಿ ತುಂಡು ಕೊಟ್ಟು ಒಂದಕ್ಕೊಂದು ದೂರ ಇಡಿ. ಅಂಟಿಕೊಂಡರೆ ಟ್ಯೂನ್ ಮಾಡುವುದು ತಲೆನೋವು.

ತುಂಬಾ ಜನ ಉದಾಸೀನ ಮಾಡುವುದು ರೇಡಿಯಲ್‌ಗಳನ್ನೇ, ಅಂದರೆ ಆಂಟೆನಾದ ಬುಡದಿಂದ ಸುತ್ತಲೂ ಹರಡುವ ವೈರ್‌ಗಳನ್ನು. ತಾರಸಿಯ ಮೇಲಾದರೆ ಪ್ರತಿ ಬ್ಯಾಂಡಿಗೆ ಎರಡು, ಆ ಬ್ಯಾಂಡಿನ ವೈರಿನಷ್ಟೇ ಉದ್ದದವು, ಕೋಆಕ್ಸ್‌ನ ಜಾಲರಿಗೆ ಸೇರಿಸಿ. ಬುಡವನ್ನು ಎತ್ತರದಲ್ಲಿಟ್ಟು ಇವನ್ನು ಇಳಿಜಾರಾಗಿ ಕಟ್ಟಿದರೆ ಆಂಟೆನಾದ ಇಂಪೀಡೆನ್ಸ್ (ಪ್ರತಿರೋಧ) ಕೋಆಕ್ಸ್‌ನ 50 ಓಮ್‌ಗೆ ಹತ್ತಿರವಾಗುತ್ತದೆ. ಮಂಡ್ಯ ಕಡೆ ತೋಟದಲ್ಲಿ ನೆಲದ ಮೇಲೆಯೇ ಹಾಸುವುದಾದರೆ ಉದ್ದ ಅಷ್ಟು ಮುಖ್ಯವಲ್ಲ, ಸಂಖ್ಯೆ ಜಾಸ್ತಿ ಇರಲಿ.

ವೈರನ್ನು ಲೆಕ್ಕಕ್ಕಿಂತ ಒಂದು ಗೇಣು ಹೆಚ್ಚು ಬಿಟ್ಟೇ ಕತ್ತರಿಸಿ. ಎಸ್‌ಡಬ್ಲ್ಯುಆರ್ (ಆಂಟೆನಾ ಎಷ್ಟು ಹೊಂದಿಕೊಂಡಿದೆ ಎಂದು ತೋರಿಸುವ ಅಳತೆ, ಕಡಿಮೆ ಇದ್ದಷ್ಟು ಒಳ್ಳೆಯದು) ನೋಡುತ್ತಾ ಉದ್ದದ ವೈರಿನಿಂದ ಶುರು ಮಾಡಿ, ಸ್ವಲ್ಪಸ್ವಲ್ಪವೇ ಮೊಟಕು ಮಾಡಿ. ಕತ್ತರಿಸಿದ್ದನ್ನು ಮತ್ತೆ ಬೆಳೆಸೋಕಾಗಲ್ಲ, ಅಲ್ವಾ?

ಗಳ ಬಿದ್ದರೂ ಕರೆಂಟ್ ತಂತಿಗೆ ತಾಗದಷ್ಟು ದೂರದಲ್ಲಿ ನಿಲ್ಲಿಸಿ. ಗುಡುಗು ಬರುವ ಮುಂಚೆಯೇ ಕೋಆಕ್ಸ್ ಕಳಚಿಡಿ.