ಪಾಂಪೆಯಲ್ಲಿ ಮೂರು ಗಂಟೆ: ಗೈಡ್ ಜೊತೆ ನಡೆದು ನೋಡುವ ಕ್ರಮ

ಪಾಂಪೆ ಎಂದರೆ ರೋಮನ್ನರ ಕಾಲದ ಇಡೀ ಒಂದು ಊರು. ಇಟಲಿಯ ನೇಪಲ್ಸ್ ಪಕ್ಕದಲ್ಲಿರುವ ಇದನ್ನು ಕ್ರಿ.ಶ. 79ರಲ್ಲಿ ವೆಸುವಿಯಸ್ ಬೆಟ್ಟ ಸಿಡಿದು ಮುಚ್ಚಿಹಾಕಿತು. ಊರಿನ ವಿಸ್ತೀರ್ಣ 66 ಹೆಕ್ಟೇರ್, ನಮ್ಮ ಲೆಕ್ಕದಲ್ಲಿ 163 ಎಕರೆ. 1748ರಿಂದ ಅಗೆಯುತ್ತ ಬಂದಿದ್ದರೂ ಸುಮಾರು ಮೂರನೇ ಒಂದು ಭಾಗ ಇನ್ನೂ ಮಣ್ಣಿನಡಿಯಲ್ಲೇ ಇದೆ. ತೆರೆದಿರುವಷ್ಟನ್ನಾದರೂ ಒಂದೇ ದಿನದಲ್ಲಿ ನೋಡಿ ಮುಗಿಸೋಣ ಎಂದು ಹೊರಟವರಿಗೆ ಮಧ್ಯಾಹ್ನದ ಹೊತ್ತಿಗೆ ಕಾಲು ಸೋಲುತ್ತದೆ, ಎಲ್ಲ ಮನೆಗಳೂ ಒಂದೇ ಥರ ಕಾಣತೊಡಗುತ್ತವೆ. ಆದ್ದರಿಂದ ಹೊರಡುವ ಮೊದಲೇ ಗಟ್ಟಿ ಮಾಡಿಕೊಳ್ಳಿ: ಮೂರು ಗಂಟೆ, ಒಂದು ದಾರಿ, ಹತ್ತು ಬಾಗಿಲು. ಬಣ್ಣದ ಗೋಡೆಗಳನ್ನು ತೋರಿಸುವ ಮೊದಲು ಬೀದಿಯನ್ನು ಓದಲು ಕಲಿಸುವ ಗೈಡ್ ಸಿಕ್ಕರೆ ಆ ಮೂರು ಗಂಟೆ ಸಾರ್ಥಕ.

ಟಿಕೆಟ್ ಮತ್ತು ರೈಲು

2024ರ ನವೆಂಬರ್‌ನಿಂದ ಇಲ್ಲಿ ದಿನಕ್ಕೆ 20,000 ಜನರಿಗೆ ಮಾತ್ರ ಪ್ರವೇಶ. ಟಿಕೆಟ್ ಮೇಲೆ ಹೆಸರು ಅಚ್ಚಾಗಿರುತ್ತದೆ. ಬಾಗಿಲಲ್ಲಿ ಗುರುತಿನ ಚೀಟಿ ಕೇಳುತ್ತಾರೆ. ನಮ್ಮವರು ಎಡವುವುದು ಇಲ್ಲೇ. ಪಾಸ್‌ಪೋರ್ಟ್‌ನಲ್ಲಿ ತಂದೆಯ ಹೆಸರೋ ಊರಿನ ಹೆಸರೋ ಸೇರಿರುತ್ತದೆ, ಟಿಕೆಟ್‌ಗೆ ಬರೀ ಇನಿಶಿಯಲ್ ಹಾಕಿರುತ್ತಾರೆ. ಪಾಸ್‌ಪೋರ್ಟ್‌ನಲ್ಲಿ ಇದ್ದಂತೆಯೇ ಅಕ್ಷರ ಬಿಡದೆ ತುಂಬಿ. ಪುರಾತತ್ವ ಉದ್ಯಾನದ ಅಧಿಕೃತ ಜಾಲತಾಣದಲ್ಲೇ ಕೊಳ್ಳಿ. ಊರೊಳಗೆ ನಡೆಯಲು ‘ಎಕ್ಸ್‌ಪ್ರೆಸ್’ ಟಿಕೆಟ್ ಸಾಕು. ಊರಗೋಡೆಯಾಚೆ ಇರುವ ವಿಲ್ಲಾ ದೇಯ್ ಮಿಸ್ತೇರಿ ಎಂಬ ದೊಡ್ಡ ಮನೆ ಕೂಡ ಬೇಕೆಂದರೆ ‘ಪ್ಲಸ್’ ತೆಗೆದುಕೊಳ್ಳಬೇಕು. ತಿಂಗಳ ಮೊದಲ ಭಾನುವಾರ ಪ್ರವೇಶ ಉಚಿತ. ನೂಕುನುಗ್ಗಲೂ ಅಂದೇ, ಹಾಗಾಗಿ ಗೈಡ್ ಜೊತೆ ನಡೆಯುವವರಿಗೆ ಆ ದಿನ ಬೇಡ.

ಬೇಸಿಗೆ ವೇಳಾಪಟ್ಟಿಯಲ್ಲಿ, ಅಂದರೆ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ, ಬೆಳಿಗ್ಗೆ 9ರಿಂದ ಸಂಜೆ 7. ಕೊನೆಯ ಪ್ರವೇಶ 5.30ಕ್ಕೆ. ಚಳಿಗಾಲದಲ್ಲಿ ಸಂಜೆ 5ಕ್ಕೇ ಮುಚ್ಚುತ್ತದೆ, ಒಳಗೆ ಬಿಡುವುದು 3.30ರವರೆಗೆ. ಬೆಳಿಗ್ಗೆ 9ರ ಹೊತ್ತನ್ನೇ ಹಿಡಿಯಿರಿ. ಜುಲೈ, ಆಗಸ್ಟ್‌ನಲ್ಲಿ 11 ಗಂಟೆಯ ನಂತರ ಕಪ್ಪು ಕಲ್ಲಿನ ಬೀದಿ ಕಾವಲಿಯಂತೆ ಕಾಯುತ್ತದೆ, ನೆರಳೇ ಇರುವುದಿಲ್ಲ.

ನೇಪಲ್ಸ್‌ನಿಂದ ಹೋಗಲು ಚಿರ್ಕುಂವೆಸುವಿಯಾನಾ ಎಂಬ ಸ್ಥಳೀಯ ರೈಲಿದೆ. ಸೊರೆಂತೊ ಕಡೆಗೆ ಹೋಗುವ ಗಾಡಿ ಹತ್ತಿ ‘ಪೊಂಪೇ ಸ್ಕಾವಿ – ವಿಲ್ಲಾ ದೇಯ್ ಮಿಸ್ತೇರಿ’ ನಿಲ್ದಾಣದಲ್ಲಿ ಇಳಿಯಿರಿ; ಸುಮಾರು 40 ನಿಮಿಷದ ಪ್ರಯಾಣ. ಪೊಜ್ಜೊಮರೀನೊ ಕಡೆಯ ಗಾಡಿ ಹತ್ತಿದರೆ ‘ಪೊಂಪೇ ಸಾಂತುವಾರಿಯೊ’ ಎಂಬ ಬೇರೆ ನಿಲ್ದಾಣಕ್ಕೆ ಹೋಗಿಬಿಡುತ್ತೀರಿ. ಅದು ಹೊಸ ಊರಿನ ಚರ್ಚ್ ಬಳಿ ಇದೆ, ಅಲ್ಲಿಂದ ಅವಶೇಷಗಳ ಇನ್ನೊಂದು ತುದಿ ಹತ್ತಿರ. ನಿಮ್ಮ ಗೈಡ್ ಪೋರ್ತಾ ಮರೀನಾ ಬಾಗಿಲಲ್ಲಿ ಕಾಯುತ್ತಿದ್ದರೆ ಭೇಟಿ ತಪ್ಪಿದಂತೆಯೇ. ಹೆಚ್ಚಿನವರು ಗಾರಿಬಾಲ್ದಿ ನಿಲ್ದಾಣದಲ್ಲಿ ಹತ್ತುತ್ತಾರೆ, ಅಷ್ಟರಲ್ಲಿ ಸೀಟು ತುಂಬಿರುತ್ತದೆ. ಗಾಡಿ ಹೊರಡುವುದು ಅದಕ್ಕೂ ಒಂದು ನಿಲ್ದಾಣ ಹಿಂದಿನ ಪೋರ್ತಾ ನೊಲಾನಾದಿಂದ. ವಯಸ್ಸಾದವರು ಜೊತೆಗಿದ್ದರೆ ಅಲ್ಲಿಗೇ ಹೋಗಿ ಹತ್ತಿಸಿ. ಜೇಬುಗಳ್ಳರ ಕಾಟವೂ ಇದೆ, ಪಾಸ್‌ಪೋರ್ಟ್ ಒಳಜೇಬಿನಲ್ಲಿರಲಿ.

ಗೈಡ್ ಆರಿಸುವುದು

ನಿಲ್ದಾಣದಿಂದ ಹೊರಬಿದ್ದ ಕೂಡಲೇ ‘ಟಿಕೆಟ್, ಟೂರ್’ ಎಂದು ಕರೆಯುವವರು ಸುತ್ತುವರಿಯುತ್ತಾರೆ. ಬೋರ್ಡ್ ಮೇಲೆ ‘ಮಾಹಿತಿ ಕೇಂದ್ರ’ ಎಂದು ಬರೆದಿದ್ದ ಮಾತ್ರಕ್ಕೆ ಅದು ಸರ್ಕಾರಿ ಕಚೇರಿಯಲ್ಲ. ಪರವಾನಗಿ ಇರುವ ಗೈಡ್ ಕೊರಳಲ್ಲಿ ಫೋಟೋ ಇರುವ ಕಾರ್ಡ್ ಇರುತ್ತದೆ. ಅದನ್ನು ನೋಡಿ, ನಂತರ ಈ ಐದು ಪ್ರಶ್ನೆ ಕೇಳಿ.

ದುಡ್ಡಿನಲ್ಲಿ ಪ್ರವೇಶದ ಟಿಕೆಟ್ ಸೇರಿದೆಯೇ? ಗುಂಪಿನಲ್ಲಿ ಎಷ್ಟು ಜನ? ಇಂಗ್ಲಿಷ್ ಒಂದರಲ್ಲೇ ಹೇಳುತ್ತೀರೋ, ಎರಡು ಭಾಷೆಯಲ್ಲೋ? ಗೋಡೆಚಿತ್ರಗಳಿಗೆ ಹೆಸರಾದ ವೆತ್ತಿ ಮನೆಯೊಳಗೆ ಹೋಗುತ್ತೀರಾ? ಕೊನೆಗೆ ನಮ್ಮನ್ನು ಬಿಡುವುದು ಎಲ್ಲಿ?

ಮೂರನೆಯದು ಸಣ್ಣ ವಿಷಯದಂತೆ ಕಂಡರೂ ಮುಖ್ಯ. ಎರಡು ಭಾಷೆಯ ಗುಂಪಿನಲ್ಲಿ ಅರ್ಧ ಹೊತ್ತು ನೀವು ಅರ್ಥವಾಗದ ಮಾತು ಕೇಳುತ್ತ ಬಿಸಿಲಲ್ಲಿ ನಿಂತಿರುತ್ತೀರಿ. ಕೊನೆಯ ಪ್ರಶ್ನೆ ಅದಕ್ಕಿಂತ ಮುಖ್ಯ: ನಡಿಗೆ ಆಂಫಿಥಿಯೇಟರ್ ಎಂಬ ಬಯಲು ಕ್ರೀಡಾಂಗಣದ ಬಳಿ ಮುಗಿದರೆ ರೈಲು ನಿಲ್ದಾಣ ಅಲ್ಲಿಂದ ಒಂದು ಕಿಲೋಮೀಟರಿಗೂ ದೂರ. ಒಮ್ಮೆ ಹೊರಬಿದ್ದರೆ ಅದೇ ಟಿಕೆಟ್‌ನಲ್ಲಿ ಮತ್ತೆ ಒಳಗೆ ಬಿಡುವುದಿಲ್ಲ.

ನಮ್ಮ ಸಲಹೆ, ಹತ್ತು ಹದಿನೈದು ಜನರಿಗಿಂತ ದೊಡ್ಡ ಗುಂಪು ಬೇಡ. ಬಾಗಿಲುಗಳು ಕಿರಿದು, ಮೂವತ್ತು ಜನ ಒಂದು ಬೇಕರಿಯೊಳಗೆ ಹೋಗಿ ಬರುವಷ್ಟರಲ್ಲಿ ಹದಿನೈದು ನಿಮಿಷ ಹೋಗಿರುತ್ತದೆ. ನಾಲ್ಕೈದು ಜನರ ಕುಟುಂಬವಾದರೆ ಖಾಸಗಿ ಗೈಡ್ ತಲಾ ಲೆಕ್ಕದಲ್ಲಿ ಅಷ್ಟೇನೂ ದುಬಾರಿಯಾಗದು. ದೊಡ್ಡ ಗುಂಪುಗಳಿಗೆ ಕೊರಳಿಗೆ ಹಾಕುವ ರೇಡಿಯೊ ಕೊಡುತ್ತಾರೆ. ಗೋಡೆಯ ತಿರುವಿನಲ್ಲಿ ದನಿ ಕಡಿದುಹೋಗುತ್ತದೆ. ಹಾಗಾದರೆ ಗೈಡ್ ಇರುವ ಬೀದಿಯಿಂದ ನೀವು ಆಚೆ ಹೋಗಿದ್ದೀರಿ ಎಂದು ತಿಳಿಯಿರಿ. ನಿಮ್ಮದೇ ವೈರ್ ಇರುವ ಇಯರ್‌ಫೋನ್ ಒಯ್ದರೆ ಕಿವಿಗೆ ಹಿತ.

ಮೈಮೇಲೆ, ಚೀಲದಲ್ಲಿ

30×30×15 ಸೆಂ.ಮೀ.ಗಿಂತ ದೊಡ್ಡ ಚೀಲ ಒಳಗೆ ಬಿಡುವುದಿಲ್ಲ. ಪ್ರವೇಶದಲ್ಲಿ ಇಡಲು ಜಾಗವಿದೆ, ಆದರೆ ತೆಗೆದುಕೊಳ್ಳಲು ಅದೇ ಬಾಗಿಲಿಗೆ ಮರಳಬೇಕು. ಬೆನ್ನುಚೀಲವನ್ನು ಕಿರಿದಾದ ಕೋಣೆಗಳಲ್ಲಿ ಎದೆಗೆ ತಿರುಗಿಸಿಕೊಳ್ಳಿ. ಎರಡು ಸಾವಿರ ವರ್ಷದ ಗಾರೆ ಚೀಲದ ಜಿಪ್ ತಾಗಿ ಉದುರುತ್ತದೆ, ಉದುರಿದ್ದು ಮತ್ತೆ ಬರುವುದಿಲ್ಲ. ಕಾಲಿಗೆ ರಬ್ಬರ್ ಅಡಿಯ, ಹಿಮ್ಮಡಿ ಬಿಗಿ ಹಿಡಿಯುವ ಶೂ ಬೇಕು. ಬೀದಿಗೆ ಹಾಸಿರುವುದು ಜ್ವಾಲಾಮುಖಿಯ ಕರಿಗಲ್ಲು. ಸವೆದು ನುಣುಪಾಗಿದೆ, ನಡುವೆ ಪಾದ ಸಿಕ್ಕಿಕೊಳ್ಳುವಷ್ಟು ಸಂದು. ಮಳೆ ಬಂದರಂತೂ ಪಾಚಿ ಕಟ್ಟಿದ ಕಲ್ಯಾಣಿಯ ಮೆಟ್ಟಿಲಿನಷ್ಟೇ ಜಾರುತ್ತದೆ. ಚಪ್ಪಲಿ ಬೇಡವೇ ಬೇಡ. ಖಾಲಿ ನೀರಿನ ಬಾಟಲಿ ಸಾಕು, ಒಳಗೆ ಕುಡಿಯುವ ನೀರಿನ ನಲ್ಲಿಗಳಿವೆ. ಫೋರಂ ಎಂಬ ಮುಖ್ಯ ಚೌಕದ ಪಕ್ಕದ ಉಪಾಹಾರ ಗೃಹದಲ್ಲಿ ಸಸ್ಯಾಹಾರಿಗಳಿಗೆ ಆಯ್ಕೆ ಕಡಿಮೆ. ಬುತ್ತಿ ಒಯ್ಯುವವರು ಅವಶೇಷಗಳ ಮೇಲೆ ಕೂತು ಉಣ್ಣುವಂತಿಲ್ಲ.

ಮಂಡಿ ನೋವಿನವರು, ಗಾಲಿಕುರ್ಚಿಯವರು ಪೋರ್ತಾ ಮರೀನಾ ಬಿಟ್ಟು ಪಿಯಾತ್ಸಾ ಆಂಫಿತಿಯಾತ್ರೊ ಬಾಗಿಲಿಗೆ ಹೋಗಬೇಕು. ಅಲ್ಲಿಂದ ‘ಎಲ್ಲರಿಗೂ ಪಾಂಪೆ’ ಎಂಬ ಅರ್ಥದ ಹೆಸರಿನ ಸಮತಟ್ಟು ದಾರಿ ಮೂರು ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಸಾಗುತ್ತದೆ. ಈ ದಾರಿಯಲ್ಲೇ ಕರೆದೊಯ್ಯಬೇಕೆಂದು ಗೈಡ್‌ಗೆ ಮುಂಚೆಯೇ ಹೇಳಿ.

ನಡಿಗೆ

ಪೋರ್ತಾ ಮರೀನಾದಲ್ಲಿ ಎರಡು ಕಮಾನುಗಳಿವೆ, ಒಂದು ನಡೆಯುವವರಿಗೆ, ಇನ್ನೊಂದು ಸರಕು ಹೊತ್ತ ಪ್ರಾಣಿಗಳಿಗೆ. ಏರು ಕಡಿದಾಗಿದೆ, ನಿಧಾನ ಹತ್ತಿ. ಒಳಗೆ ಹೋದ ಮೇಲೆ ಗೋಡೆಗಳಲ್ಲಿರುವ ಸಂಖ್ಯೆಯ ಫಲಕಗಳನ್ನು ಗುರುತಿಸಿಕೊಳ್ಳಿ. 19ನೇ ಶತಮಾನದಲ್ಲಿ ಉತ್ಖನನದ ಹೊಣೆ ಹೊತ್ತಿದ್ದ ಜುಸೆಪ್ಪೆ ಫಿಯೊರೆಲ್ಲಿ ಊರನ್ನು ಒಂಬತ್ತು ವಲಯ ಮಾಡಿ, ಪ್ರತಿ ವಲಯದೊಳಗೆ ಮನೆಗಳ ಕೂಟಕ್ಕೊಂದು ಸಂಖ್ಯೆ, ಪ್ರತಿ ಬಾಗಿಲಿಗೊಂದು ಸಂಖ್ಯೆ ಕೊಟ್ಟರು. ವೆತ್ತಿ ಮನೆಯ ವಿಳಾಸ 6-15-1. ಗುಂಪು ತಪ್ಪಿದರೆ ನಿಂತ ಗೋಡೆಯ ಸಂಖ್ಯೆಯನ್ನು ಫೋನಿನಲ್ಲಿ ಹೇಳಿ, ಗೈಡ್ ಬಂದು ಹುಡುಕುತ್ತಾರೆ.

ಮೊದಲು ಫೋರಂ. ಪಶ್ಚಿಮದ ಸಾಲಿನಲ್ಲಿ ಒಂದು ಗೂಡಿನಲ್ಲಿರುವ ಅಳತೆಯ ಕಲ್ಲನ್ನು ಹೆಚ್ಚಿನ ಗುಂಪುಗಳು ದಾಟಿ ಹೋಗಿಬಿಡುತ್ತವೆ. ಗೈಡನ್ನು ತಡೆದು ನಿಲ್ಲಿಸಿ. ಚಪ್ಪಡಿಯಲ್ಲಿ ಸಾಲಾಗಿ ಬಟ್ಟಲಿನಂಥ ಕುಳಿಗಳು, ಒಂದಕ್ಕಿಂತ ಒಂದು ದೊಡ್ಡದು, ನಮ್ಮ ಪಾವು, ಸೇರು, ಕೊಳಗದ ಹಾಗೆ. ತಳದಲ್ಲಿ ತೂತು, ಮುಚ್ಚಿ ಧಾನ್ಯ ತುಂಬಿಸಿ, ತೆರೆದರೆ ಕೆಳಗೆ ಹಿಡಿದ ಚೀಲಕ್ಕೆ ಬೀಳುತ್ತದೆ. ವ್ಯಾಪಾರಿ ಮೋಸ ಮಾಡಿದನೆಂದು ಅನುಮಾನ ಬಂದವರು ಇಲ್ಲಿ ಬಂದು ಅಳೆಸಬಹುದಿತ್ತು. ಇಲ್ಲಿ ಮೊದಲಿದ್ದದ್ದು ಸ್ಥಳೀಯ ಓಸ್ಕನ್ ಅಳತೆ. ರೋಮನ್ ಅಳತೆ ಬಂದಾಗ ಕುಳಿಗಳನ್ನೇ ತಿದ್ದಿ ದೊಡ್ಡದು ಮಾಡಿದರು. ಸ್ಥಳದಲ್ಲಿರುವುದು ಪ್ರತಿಕೃತಿ.

ಫೋರಂ ಸ್ನಾನಗೃಹದಲ್ಲಿ ಬಿಸಿನೀರಿನ ಕೋಣೆಗೆ ಹೋದಾಗ ತಲೆ ಎತ್ತಿ. ಕಮಾನು ಛಾವಣಿಯ ಗಾರೆಯಲ್ಲಿ ಉದ್ದುದ್ದ ಗೀರುಗಳಿವೆ. ಹಬೆ ತಣಿದು ನೀರಾದಾಗ ಮೀಯುವವರ ಮೈಮೇಲೆ ತೊಟ್ಟಿಕ್ಕದೆ, ಗೀರಿನಗುಂಟ ಹರಿದು ಗೋಡೆಗೆ ಇಳಿಯಲೆಂದು ಮಾಡಿದ್ದು. ಕಲ್ಲಿನ ದೊಡ್ಡ ಬೋಗುಣಿಯ ಅಂಚಿನಲ್ಲಿ ಮಾಡಿಸಿದ ಅಧಿಕಾರಿಗಳ ಹೆಸರು, ತಗುಲಿದ ಖರ್ಚು ಎರಡನ್ನೂ ಕಂಚಿನ ಅಕ್ಷರದಲ್ಲಿ ಕೂರಿಸಿದ್ದಾರೆ.

ಅಲ್ಲಿಂದ ಉತ್ತರಕ್ಕೆ, ಫಾನ್ ಎಂಬ ವನದೇವತೆಯ ಹೆಸರಿನ ಫಾನ್ ಮನೆ. ಸುಮಾರು 3,000 ಚದರ ಮೀಟರ್, ಒಂದಿಡೀ ಕೂಟವನ್ನೇ ನುಂಗಿದ ಮನೆ. ಹೊಸ್ತಿಲ ಮುಂದೆ ಕಲ್ಲಿನ ಚೂರುಗಳಲ್ಲಿ ‘ಹಾವೆ’, ಅಂದರೆ ‘ನಮಸ್ಕಾರ’ ಎಂದು ಬರೆದಿದೆ. ನಂತರ ಪಕ್ಕದ ಬೀದಿಗಳಾಚೆ ವೆತ್ತಿ ಮನೆ. ದುರಸ್ತಿ ಮುಗಿದು 2023ರ ಜನವರಿಯಲ್ಲಿ ಮತ್ತೆ ತೆರೆಯಿತು. ಒಮ್ಮೆಗೆ ಕೆಲವರನ್ನೇ ಬಿಡುವುದರಿಂದ ಬೇಗ ಹೋದವರಿಗೆ ಸಾಲು ಚಿಕ್ಕದು. ಒಳಗೆ ಪುಟ್ಟ ರೆಕ್ಕೆಯ ಮಕ್ಕಳು ಚಿನ್ನದ ಕೆಲಸ, ಸುಗಂಧದ ಅಂಗಡಿ, ದ್ರಾಕ್ಷಾರಸದ ವ್ಯಾಪಾರ ಮಾಡುವ ಪಟ್ಟಿ ಚಿತ್ರಗಳಿವೆ, ಸಾವಧಾನವಾಗಿ ನೋಡಿ. ಬಾಗಿಲಲ್ಲೇ ಪ್ರಿಯಾಪಸ್ ದೇವರ ಮುಚ್ಚುಮರೆಯಿಲ್ಲದ ಚಿತ್ರವಿದೆ. ಇದು, ಮತ್ತೆ ಲುಪಾನಾರ್ ಎಂಬ ವೇಶ್ಯಾಗೃಹ, ಮಕ್ಕಳ ಜೊತೆ ಬಂದವರಿಗೆ ಮುಜುಗರ ಎನ್ನಿಸಬಹುದು; ಬಿಟ್ಟುಬಿಡಿ ಎಂದರೆ ಗೈಡ್ ಬೇರೆ ದಾರಿ ಹಿಡಿಯುತ್ತಾರೆ.

ಇನ್ನು ಬೀದಿ. ಪೂರ್ವಕ್ಕೆ ಉದ್ದಕ್ಕೆ ಹೋಗುವ ವಿಯಾ ದೆಲ್ಲಬ್ಬೊಂದಾನ್ಸಾಗೆ ಕನಿಷ್ಠ 45 ನಿಮಿಷ ಕೊಡಿ. ಪಾಂಪೆಯ ಜೀವ ಇಲ್ಲಿದೆ. ಅಡ್ಡಲಾಗಿ ಇಟ್ಟ ಎತ್ತರದ ಕಲ್ಲುಗಳು ಜನ ಕೊಳಕು ನೀರು ತುಳಿಯದೆ ದಾಟಲು. ಅವುಗಳ ನಡುವಿನ ಅಂತರ ಬಂಡಿಯ ಗಾಲಿ ಹಾಯಲು. ಗಾಲಿ ಹಾದ ಜಾಗದಲ್ಲಿ ಕಲ್ಲು ಬೆರಳು ಮುಳುಗುವಷ್ಟು ಸವೆದಿದೆ. ಅಂಗಡಿಯ ಹೊಸ್ತಿಲ ಕಲ್ಲಿನಲ್ಲಿ ಉದ್ದಕ್ಕೆ ಕೊರೆದ ಒಂದು ತೋಡು, ಕೊನೆಯಲ್ಲಿ ಒಂದು ಗುಂಡು ಕುಳಿ ಕಾಣುತ್ತದೆ. ಹಲಗೆಗಳನ್ನು ಒಂದೊಂದಾಗಿ ಆ ತೋಡಿಗೆ ಇಳಿಸಿ, ಕೊನೆಯಲ್ಲಿ ತಿರುಗುವ ಬಾಗಿಲು ಹಾಕಿ ಬೀಗ ಜಡಿಯುತ್ತಿದ್ದರು. ಹಳೇ ಪೇಟೆಗಳ ಹಲಗೆ ಬಾಗಿಲಿನ ಅಂಗಡಿ ಕಂಡವರಿಗೆ ವಿವರಿಸುವುದೇ ಬೇಡ.

ಮೂಲೆಯ ನೀರಿನ ತೊಟ್ಟಿಯ ಬಳಿ ನಿಂತು ಅಂಚನ್ನು ನೋಡಿ. ನಲ್ಲಿಯ ಎರಡೂ ಬದಿಗೆ ಕಲ್ಲು ತಗ್ಗಾಗಿದೆ, ಅಂಗೈ ಊರಿದಂತೆ. ನೀರಿಗೆ ಬಾಗಿದವರೆಲ್ಲ ಕೈ ಊರಿ ಊರಿ ಆದ ಗುರುತು. ಇಂಥ ತೊಟ್ಟಿಗಳು ಊರಲ್ಲಿ ಸುಮಾರು 40 ಸಿಕ್ಕಿವೆ.

ಬೇಕರಿಗಳಲ್ಲಿ ಆಳೆತ್ತರದ ಬೀಸುವ ಕಲ್ಲುಗಳಿವೆ. ಕೆಳಗಿನದು ಶಂಕುವಿನಾಕಾರ, ಮೇಲಿನದು ಬುಡುಬುಡಿಕೆಯಾಕಾರ. ಮೇಲಿನಿಂದ ಗೋಧಿ ಸುರಿದು, ಅಡ್ಡ ಮರ ಸಿಕ್ಕಿಸಿ ಕತ್ತೆಯಿಂದ ಸುತ್ತಿಸುತ್ತಿದ್ದರು. 1862ರಲ್ಲಿ ಒಂದು ಒಲೆಯೊಳಗೆ ಸುಟ್ಟು ಕರಿಯಾದ 81 ರೊಟ್ಟಿಗಳು ಇಟ್ಟಲ್ಲೇ ಸಿಕ್ಕಿದವು.

ಇದೇ ಬೀದಿಯಲ್ಲಿ, ಒಂದನೇ ವಲಯದ ಎಂಟನೇ ಕೂಟದಲ್ಲಿ, ವೆತುತಿಯಸ್ ಪ್ಲಾಸಿಡಸ್ ಎಂಬಾತನ ಖಾನಾವಳಿ ಇದೆ. ಕಟ್ಟೆಯೊಳಗೆ ಹೂತ ಗುಡಾಣಗಳ ಪೈಕಿ ಒಂದರಲ್ಲಿ 1,300ಕ್ಕೂ ಹೆಚ್ಚು ನಾಣ್ಯ ಸಿಕ್ಕಿದ್ದವು. ಅದೇ ಕೂಟದ ಐದನೇ ಬಾಗಿಲನ್ನು ತೋರಿಸಿ ಎಂದು ಗೈಡ್‌ಗೆ ಕೇಳಿ. 1938ರಲ್ಲಿ ಭಾರತದ ದಂತದ ಸ್ತ್ರೀಮೂರ್ತಿ ದೊರೆತ ಮನೆ ಅದು. ‘ಪಾಂಪೆಯ ಲಕ್ಷ್ಮಿ’ ಎಂದು ಹೆಸರಾದರೂ ಯಕ್ಷಿ ಇರಬಹುದೆಂಬ ವಾದವೂ ಇದೆ. ನಮ್ಮ ಚಂದ್ರವಳ್ಳಿಯಲ್ಲಿ, 1891ರಲ್ಲಿ ಯಶವಂತಪುರದಲ್ಲಿ, ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿದ್ದನ್ನು ನೆನೆದರೆ ಆ ವ್ಯಾಪಾರದ ಇನ್ನೊಂದು ತುದಿಯಲ್ಲಿ ನಿಂತಿದ್ದೀರಿ ಎಂದಾಗುತ್ತದೆ. ಮನೆಗೆ ಬೀಗ ಇದ್ದರೂ ಹೊರಗೆ ಎರಡು ನಿಮಿಷ ನಿಲ್ಲಬೇಕಾದ ಜಾಗ.

ಕೊನೆಗೆ ಆಂಫಿಥಿಯೇಟರ್ ಹತ್ತಿರದ ತೋಟ. ಓಡಿಹೋಗುತ್ತಿದ್ದ 13 ಜನರ ಅಚ್ಚುಗಳು ಇಲ್ಲಿವೆ. ಇವರು ಕಲ್ಲಾದವರು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬಿಸಿ ಬೂದಿ ದೇಹದ ಸುತ್ತ ಗಟ್ಟಿಯಾಯಿತು, ದೇಹ ಕರಗಿ ಪೊಳ್ಳು ಉಳಿಯಿತು. ಇಂಥ ಪೊಳ್ಳಿಗೆ ಗಾರೆ ಹೊಯ್ದು ಸುತ್ತಲ ಬೂದಿ ಬಿಡಿಸುವ ವಿಧಾನವನ್ನು ಫಿಯೊರೆಲ್ಲಿ 1863ರಲ್ಲಿ ಜಾರಿಗೆ ತಂದರು. ಎಲುಬು ಇನ್ನೂ ಒಳಗಿರುತ್ತದೆ. ಇದು ಸತ್ತವರ ಜಾಗ, ಸೆಲ್ಫಿ ಬೇಡ. ಗೈಡ್ ಎಷ್ಟು ಓದಿಕೊಂಡಿದ್ದಾರೆ ಎಂದು ತಿಳಿಯಲು ಇಲ್ಲೊಂದು ಪ್ರಶ್ನೆ ಕೇಳಬಹುದು: ಬೆಟ್ಟ ಸಿಡಿದದ್ದು ಯಾವಾಗ? ‘ಆಗಸ್ಟ್ 24’ ಎಂದಷ್ಟೇ ಹೇಳಿದರೆ ಹಳೆಯ ಪಾಠ. 2018ರಲ್ಲಿ ಗೋಡೆಯ ಮೇಲೆ ಸಿಕ್ಕ ಇದ್ದಿಲ ಬರಹದಲ್ಲಿ ಅಕ್ಟೋಬರ್ 17ಕ್ಕೆ ಸಮನಾದ ದಿನ ಇರುವುದರಿಂದ ಅಕ್ಟೋಬರ್ ಕಡೆಗೆ ವಾದ ಬಲವಾಗಿದೆ ಎಂದವರು ಓದು ಬಿಟ್ಟವರಲ್ಲ.

ಮಾರನೆಯ ದಿನ

ಪಾಂಪೆಯ ಒಳ್ಳೊಳ್ಳೆಯ ವಸ್ತುಗಳೆಲ್ಲ ನೇಪಲ್ಸ್‌ನ ರಾಷ್ಟ್ರೀಯ ಪುರಾತತ್ವ ವಸ್ತುಸಂಗ್ರಹಾಲಯದಲ್ಲಿವೆ. ಫಾನ್ ಮನೆಯ ನೆಲದಲ್ಲಿದ್ದ, ಹತ್ತು ಲಕ್ಷಕ್ಕೂ ಹೆಚ್ಚು ಚೂರುಗಳ ಅಲೆಕ್ಸಾಂಡರ್ ಚಿತ್ರ ಅಲ್ಲಿನದು, ಅಳತೆಯ ಮೂಲ ಕಲ್ಲೂ ಅಲ್ಲೇ. ಮಂಗಳವಾರ ರಜೆ, ಹಾಗಾಗಿ ಸೋಮವಾರ ಪಾಂಪೆ ಇಟ್ಟುಕೊಳ್ಳಬೇಡಿ. ದಂತದ ಮೂರ್ತಿಯನ್ನು ಹುಡುಕುವವರು ಶಿಲ್ಪಗಳ ಸಾಲಿನಲ್ಲಿ ಅಲೆದು ದಣಿಯುತ್ತಾರೆ. ಅದು ಇರುವುದು ‘ಗಾಬಿನೆತ್ತೊ ಸೆಗ್ರೆತೊ’ ಎಂಬ ಪ್ರತ್ಯೇಕ ಕೊಠಡಿಯಲ್ಲಿ. ಗೇಣುದ್ದದ ಮೂರ್ತಿ, ನೆತ್ತಿಯಲ್ಲೊಂದು ತೂತು, ಕನ್ನಡಿಗೆ ಹಿಡಿಯಾಗಿಯೋ ಪೀಠೋಪಕರಣಕ್ಕೆ ಕಾಲಾಗಿಯೋ ಜೋಡಿಸಿದ್ದಿರಬೇಕು. ಬುಡದಲ್ಲಿ ಪ್ರಾಚೀನ ಭಾರತದ ಖರೋಷ್ಠಿ ಲಿಪಿಯ ಒಂದೇ ಒಂದು ಅಕ್ಷರವಿದೆ. ಗಾಜಿಗೆ ಹತ್ತಿರ ಬಾಗಿ ನೋಡಿ.