ಗುಂಪು ನಡೆಸುವವರ ಗೌರವಧನ ಯಾವ ಲೆಕ್ಕಶೀರ್ಷಿಕೆಯಲ್ಲಿದೆ?

ಮಾನಸಿಕ ಕಾಯಿಲೆಯನ್ನು ಸ್ವತಃ ಅನುಭವಿಸಿ ಚೇತರಿಸಿಕೊಂಡವರೇ ನಡೆಸುವ ಬೆಂಬಲ ಗುಂಪಿಗೆ ಸರ್ಕಾರದ ಹಣ ಪಡೆಯುವುದು ಹೇಗೆ ಎಂದು ಹಾಸನ ಜಿಲ್ಲೆಯ ಬೇರೆ ತಾಲ್ಲೂಕುಗಳವರು ನನ್ನನ್ನು ಆಗಾಗ ಕೇಳುತ್ತಾರೆ. ಸಕಲೇಶಪುರದ ಕಡೆ ಇಂತಹ ಗುಂಪೊಂದನ್ನು ಕೆಲವು ವರ್ಷಗಳಿಂದ ನಡೆಸುತ್ತಿರುವವರಲ್ಲಿ ನಾನೂ ಒಬ್ಬಳು. ಬೈಪೋಲಾರ್ ಕಾಯಿಲೆಗೆ ಇಂದಿಗೂ ಮಾತ್ರೆ ತೆಗೆದುಕೊಳ್ಳುತ್ತೇನೆ. ನನ್ನ ಅನುಭವದಲ್ಲಿ ಸರ್ಕಾರದ ಬಳಿ ಈ ಕ್ಷೇತ್ರಕ್ಕೆಂದು ಹಣವಿದೆ. ಆದರೆ ಗುಂಪನ್ನು ನಡೆಸುವ ವ್ಯಕ್ತಿಯ ಸಮಯಕ್ಕೆ ಕೊಡಬೇಕಾದ ಹಣಕ್ಕೆ ಅದರ ಯಾವ ಲೆಕ್ಕಶೀರ್ಷಿಕೆಯಲ್ಲೂ, ಅಂದರೆ ಯಾವುದಕ್ಕೆ ಖರ್ಚು ಎಂದು ಹೆಸರಿಸುವ ಬಜೆಟ್ಟಿನ ಸಾಲಿನಲ್ಲೂ, ನೇರವಾದ ಜಾಗವಿಲ್ಲ. ನಮ್ಮ ಓಡಾಟವೆಲ್ಲ ಆ ಒಂದು ಸಾಲಿಗಾಗಿಯೇ ನಡೆಯಿತು.

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ 1996ರಲ್ಲಿ ಆರಂಭವಾದಾಗ ಅದಕ್ಕೆ ಮಾದರಿಯಾದದ್ದು ನಿಮ್ಹಾನ್ಸ್ ನಮ್ಮ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗ. ಅದರ ತಂಡದಲ್ಲಿ ಮನೋವೈದ್ಯರು, ಮನಶ್ಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರು, ನರ್ಸ್‌ಗಳು, ದಾಖಲೆ ನೋಡಿಕೊಳ್ಳುವವರು, ವಾರ್ಡ್ ಸಹಾಯಕರು ಎಲ್ಲರಿಗೂ ಹುದ್ದೆಗಳಿವೆ. ಕಾಯಿಲೆಯನ್ನು ದಾಟಿ ಬಂದವರಿಗೆ ಹುದ್ದೆ ಇಲ್ಲ. ಹಾಗಾಗಿ ಆರೋಗ್ಯ ಇಲಾಖೆಗೆ ಹೋದರೆ ಮಾತ್ರೆ, ಶಿಬಿರ, ಕರಪತ್ರ, ತರಬೇತಿಗಳಿಗೆ ದುಡ್ಡು ಸಿಗುತ್ತದೆ. ಪ್ರತಿ ವಾರ ಬಂದು ಕುರ್ಚಿ ಜೋಡಿಸಿ, ಬಾರದವರ ಮನೆಗೆ ಫೋನ್ ಮಾಡಿ, ಎರಡು ಗಂಟೆ ಕುಳಿತು ಕೇಳಿಸಿಕೊಳ್ಳುವವರಿಗೆ ಸಿಗುವುದಿಲ್ಲ.

ಸರ್ಕಾರದ ಹಣವಾದರೂ ಯಾಕೆ ಬೇಕು ಎಂದು ಕೇಳುವವರಿದ್ದಾರೆ. ಕುಡಿತ ಬಿಡಲು ಬಯಸುವವರು ಪರಸ್ಪರ ಬೆಂಬಲಿಸುವ ಆಲ್ಕೊಹಾಲಿಕ್ಸ್ ಅನಾನಿಮಸ್ ತನ್ನ ಸದಸ್ಯರ ಕಾಣಿಕೆಯ ಹೊರತು ಹೊರಗಿನ ಹಣವನ್ನು ಮುಟ್ಟುವುದಿಲ್ಲ, ಆ ಕಟ್ಟುಪಾಡು ಅದರ ಸ್ವಾತಂತ್ರ್ಯವನ್ನು ಕಾಪಾಡಿದೆ. ಮದ್ಯವರ್ಜನ ಶಿಬಿರ ಮುಗಿಸಿದವರ ನವಜೀವನ ಸಮಿತಿಗಳು ನಮ್ಮ ಕಡೆಯ ಹಳ್ಳಿಗಳಲ್ಲಿ ಕೆಲಸ ಮಾಡುವುದನ್ನು ಹತ್ತಿರದಿಂದ ನೋಡಿದ್ದೇನೆ, ಅವರ ಮೇಲೆ ನನಗೆ ತುಂಬ ಗೌರವವಿದೆ. ಆದರೆ ಕುಡಿತ ಬಿಟ್ಟವನು ಸಾಮಾನ್ಯವಾಗಿ ಮರಳಿ ದುಡಿಮೆಗೆ ಹೋಗುತ್ತಾನೆ. ಸ್ಕಿಜೋಫ್ರೇನಿಯಾದಿಂದ ಹತ್ತು ವರ್ಷ ಮನೆಯಲ್ಲೇ ಉಳಿದ ಹುಡುಗನಿಗೆ, ತವರಿಗೆ ಕಳುಹಿಸಲ್ಪಟ್ಟ ಹೆಣ್ಣುಮಗಳಿಗೆ ಕಾಣಿಕೆ ಹಾಕಲು ಏನಿದೆ? ಅವರು ಬರುವ ಬಸ್ಸಿನ ಖರ್ಚನ್ನೇ ಯಾರಾದರೂ ಕೊಡಬೇಕು.

ಬಸ್ಸಿನ ಖರ್ಚಿನ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಮ್ಮ ಆಯವ್ಯಯದಲ್ಲಿ ಗೌರವಧನದ ನಂತರದ ದೊಡ್ಡ ಮೊತ್ತ ಅದೇ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವುದು ಮಂಗಳವಾರ. ನಾವೂ ಗುಂಪನ್ನು ಮಂಗಳವಾರ, ಆಸ್ಪತ್ರೆಯ ಆವರಣದಲ್ಲೇ ಸೇರಿಸಲು ನಿರ್ಧರಿಸಿದೆವು. ಮಾತ್ರೆಗೆ ಬಂದವರು ಅದೇ ಪ್ರಯಾಣದಲ್ಲಿ ಗುಂಪಿಗೂ ಬರುತ್ತಾರೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳ ಖರ್ಚು ಬಹಳ ಇಳಿಯಿತು. ಆದರೂ ಎಸ್ಟೇಟ್ ಲೈನುಗಳ ಕಡೆ ಖಾಸಗಿ ಬಸ್ಸೇ ಗತಿಯಾಗಿರುವ ಊರುಗಳಿವೆ, ಅಲ್ಲಿ ಶಕ್ತಿ ಯೋಜನೆ ಅನ್ವಯಿಸುವುದಿಲ್ಲ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಒಂದು ದಿನದ ಕೂಲಿ ಬಿಟ್ಟು ಮಗನನ್ನು ಕರೆತರುವ ತಾಯಿಯ ನಷ್ಟ ಇನ್ನೂ ದೊಡ್ಡದು. ಅದನ್ನು ಯಾವ ಅನುದಾನವೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನಮ್ಮ ವಾರ್ಷಿಕ ವರದಿಯಲ್ಲಿ ಮಾತ್ರ ತಪ್ಪದೆ ಬರೆಯುತ್ತೇವೆ.

ಮೊದಲ ಹಣ ಬಂದದ್ದು ಗ್ರಾಮ ಪಂಚಾಯಿತಿಯಿಂದ. ವಿಕಲಚೇತನರ ಹಕ್ಕುಗಳ ಕಾಯ್ದೆ 2016 ಮಾನಸಿಕ ಕಾಯಿಲೆಯನ್ನು 21 ಬಗೆಯ ವೈಕಲ್ಯಗಳಲ್ಲಿ ಒಂದಾಗಿ ಸೇರಿಸಿದೆ. ಪಂಚಾಯಿತಿಗಳು ತಮ್ಮ ಸ್ವಂತ ಸಂಪನ್ಮೂಲದ ಶೇ 5ರಷ್ಟನ್ನು ವಿಕಲಚೇತನರಿಗಾಗಿ ತೆಗೆದಿರಿಸಬೇಕು. ಆ ಹಣ ರೂಢಿಯಂತೆ ತ್ರಿಚಕ್ರ ವಾಹನಕ್ಕೋ ಶ್ರವಣಸಾಧನಕ್ಕೋ ಹೋಗುತ್ತದೆ, ಅದು ಸರಿಯಾದ ಖರ್ಚೇ. ನಾವು ಕ್ರಿಯಾಯೋಜನೆ ತಯಾರಾಗುವ ಮೊದಲೇ ವಿಕಲಚೇತನರ ವಿಶೇಷ ಗ್ರಾಮಸಭೆಯಲ್ಲಿ ಎದ್ದುನಿಂತು, ಮಾನಸಿಕ ಕಾಯಿಲೆಯಿರುವವರ ಚಿಕಿತ್ಸಾ ಪ್ರಯಾಣ ವೆಚ್ಚವನ್ನೂ ಅದರಲ್ಲಿ ಸೇರಿಸಿ ಎಂದು ಕೇಳಿ, ನಡಾವಳಿಯಲ್ಲಿ ಬರೆಸಿದೆವು. ನಡಾವಳಿಯಲ್ಲಿ ಇಲ್ಲದ ಖರ್ಚಿಗೆ ಆಡಿಟ್ ಆಕ್ಷೇಪಣೆ ಬರುತ್ತದೆ ಎಂಬ ಪಿಡಿಒ ಅವರ ಆತಂಕ ಸಹಜವಾದದ್ದು. ಆ ಆತಂಕಕ್ಕೆ ಉತ್ತರವಾಗಬಲ್ಲ ಕಾಗದವನ್ನು ನಾವೇ ಒದಗಿಸಬೇಕು.

ಇಲ್ಲಿ ಒಂದು ಬಿಕ್ಕಟ್ಟಿದೆ. ಪಂಚಾಯಿತಿಯ ಹಣಕ್ಕೆ ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಬೇಕು, ಸೌಲಭ್ಯಗಳಿಗೆ ಕನಿಷ್ಠ ಶೇ 40 ವೈಕಲ್ಯ ಬೇಕು. ಮಾನಸಿಕ ಕಾಯಿಲೆಯಲ್ಲಿ ಅದನ್ನು ಐಡಿಯಾಸ್ ಎಂಬ ಮಾಪಕದಿಂದ ಅಳೆಯುತ್ತಾರೆ: ಸ್ವಂತ ಆರೈಕೆ, ಜನರೊಡನೆ ಒಡನಾಟ, ಮಾತು ಮತ್ತು ಗ್ರಹಿಕೆ, ಕೆಲಸ ಎಂಬ ನಾಲ್ಕು ವಿಷಯಗಳಿಗೂ ಕಾಯಿಲೆಯ ಅವಧಿಗೂ ಅಂಕ ಕೊಟ್ಟು, ಒಟ್ಟು 20ರಲ್ಲಿ 7 ಬಂದರೆ ಶೇ 40 ಎನ್ನುತ್ತಾರೆ. ಗುಂಪು ನಡೆಸುವಷ್ಟು ಚೇತರಿಸಿಕೊಂಡವರಿಗೆ ಒಡನಾಟದಲ್ಲಾಗಲಿ ಕೆಲಸದಲ್ಲಾಗಲಿ ಅಷ್ಟು ಅಂಕ ಬರುವುದು ಕಷ್ಟ. ಅಂದರೆ ಈ ಕೆಲಸಕ್ಕೆ ಅರ್ಹತೆ ತರುವ ಚೇತರಿಕೆಯೇ ಈ ಹಣದ ಅರ್ಹತೆಯನ್ನು ಕಳೆಯುತ್ತದೆ. ಸದಸ್ಯರ ಪ್ರಯಾಣಕ್ಕೆ ಪಂಚಾಯಿತಿಯ ಹಣ ಸಾಕಾಯಿತು. ನಡೆಸುವವರ ಗೌರವಧನಕ್ಕೆ ಬೇರೆ ದಾರಿ ಹುಡುಕಬೇಕಾಯಿತು.

ಆ ದಾರಿ ಸಿಕ್ಕಿದ್ದು, ಚೇತರಿಸಿಕೊಳ್ಳುತ್ತಿರುವವರ ಹಗಲು ಆರೈಕೆಗಾಗಿ ರಾಜ್ಯ ಸರ್ಕಾರ ನೆರವು ನೀಡುವ ಮಾನಸಧಾರ ಕೇಂದ್ರದ ಮೂಲಕ. ಅಂತಹ ಕೇಂದ್ರವೊಂದನ್ನು ನಡೆಸುವ ಸ್ವಯಂಸೇವಾ ಸಂಸ್ಥೆಯ ಜೊತೆ ಮಾತುಕತೆ ನಡೆಸಿ, ನಮ್ಮ ಇಬ್ಬರು ಸದಸ್ಯರನ್ನು ಅದರ ಚಟುವಟಿಕೆಗಳಲ್ಲಿ ಸಂಪನ್ಮೂಲ ವ್ಯಕ್ತಿಗಳಾಗಿ ತೆಗೆದುಕೊಳ್ಳುವ ಲಿಖಿತ ಒಪ್ಪಂದ ಮಾಡಿಕೊಂಡೆವು. ಸಂಘದ ನೋಂದಣಿ, ಪ್ಯಾನ್, ಸ್ವಯಂಸೇವಾ ಸಂಸ್ಥೆಗಳಿಗೆ ಸರ್ಕಾರದ ಪೋರ್ಟಲ್ ಕೊಡುವ ದರ್ಪಣ್ ಸಂಖ್ಯೆ, ಲೆಕ್ಕಪರಿಶೋಧನೆ ಮುಂತಾದವು ಎಲ್ಲ ಸಂಘಗಳಿಗೂ ಇರುವ ಕೆಲಸಗಳೇ ಆದ್ದರಿಂದ ವಿವರಿಸುವುದಿಲ್ಲ. ಒಪ್ಪಂದದಲ್ಲಿ ನಾವು ಪಟ್ಟು ಹಿಡಿದು ಸೇರಿಸಿದ ಎರಡು ಮಾತುಗಳನ್ನು ಮಾತ್ರ ಇತರರೂ ಬಿಡಬಾರದೆಂದು ಕೇಳಿಕೊಳ್ಳುತ್ತೇನೆ.

ಮೊದಲನೆಯದು ಹೆಸರುಗಳ ವಿಷಯ. ಹಣ ಕೊಡುವವರು ಹಾಜರಿ ಪಟ್ಟಿ ಕೇಳುತ್ತಾರೆ. ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ 2017ರ 23ನೇ ಕಲಂ ಕಾಯಿಲೆಯಿರುವವರಿಗೆ ಗೋಪ್ಯತೆಯ ಹಕ್ಕನ್ನು ಕೊಟ್ಟಿದೆ. ಆದ್ದರಿಂದ ಕಚೇರಿಗೆ ಹೋಗುವುದು ಹಾಜರಾದವರ ಸಂಖ್ಯೆ ಮಾತ್ರ. ಹೆಸರಿನ ಬದಲು ಬಳಸುವ ಸಂಕೇತ ಸಂಖ್ಯೆಗಳ ವಹಿ ಗುಂಪಿನ ಬೀರುವಿನಲ್ಲಿ ಉಳಿಯುತ್ತದೆ, ಮತ್ತು ಪ್ರಯಾಣದ ಹಣ ಬೇಕೆಂದವರು ಮಾತ್ರ ತಿಳಿದು ಒಪ್ಪಿ ವೋಚರಿಗೆ ಸಹಿ ಹಾಕುತ್ತಾರೆ. ಗುಂಪಿನಲ್ಲಿ ಯಾರು ಏನು ಹೇಳಿದರೆಂಬುದು ಯಾವ ವರದಿಯಲ್ಲೂ ಇರುವುದಿಲ್ಲ.

ಎರಡನೆಯದು ಕಾಯಿಲೆ ಮರುಕಳಿಸಿದಾಗ ಏನಾಗಬೇಕೆಂಬುದು. ಗುಂಪು ನಡೆಸುವವರು ಒಬ್ಬರೇ ಇರಬಾರದು, ಇಬ್ಬರಿರಬೇಕು. ಒಬ್ಬರು ಆಸ್ಪತ್ರೆ ಸೇರಿದರೂ ಅವರ ಗೌರವಧನ ನಿಲ್ಲಬಾರದು, ಮರಳಿ ಬಂದಾಗ ಸ್ಥಾನ ಅವರಿಗೇ ಇರಬೇಕು. ಇದನ್ನು ಒಪ್ಪಿಸಲು ಬಹಳ ಚರ್ಚೆಯಾಯಿತು. ಕಾಯಿಲೆಯ ಅನುಭವವನ್ನೇ ಅರ್ಹತೆಯೆಂದು ನೇಮಿಸಿಕೊಂಡು, ಅದೇ ಕಾಯಿಲೆಯ ಕಾರಣಕ್ಕೆ ಕೆಲಸದಿಂದ ತೆಗೆಯುವುದು ಅನ್ಯಾಯವೆಂಬ ನನ್ನ ಮಾತಿಗೆ ಕೊನೆಗೂ ಸಂಸ್ಥೆಯವರು ಒಪ್ಪಿದರು.

ಅನುಭವವೊಂದೇ ಸಾಕು, ತರಬೇತಿ ಬೇಡ ಎಂದು ನಾನು ಹೇಳುವುದಿಲ್ಲ. ಅಮೆರಿಕದ ಜಾರ್ಜಿಯಾ ರಾಜ್ಯ 1999ರಲ್ಲಿಯೇ, ಕಾಯಿಲೆ ಅನುಭವಿಸಿದವರೇ ಕೊಡುವ ಇಂತಹ ಸೇವೆಗೆ ಮೆಡಿಕೇಡ್ (ಕಡಿಮೆ ಆದಾಯದವರ ಸರ್ಕಾರಿ ಆರೋಗ್ಯ ವಿಮೆ) ಹಣ ಕೊಡಲು ಆರಂಭಿಸಿತು. 2007ರಲ್ಲಿ ಅಲ್ಲಿನ ಕೇಂದ್ರ ಸರ್ಕಾರ ಎಲ್ಲ ರಾಜ್ಯಗಳಿಗೂ ಪತ್ರ ಬರೆದು, ತರಬೇತಿ ಮತ್ತು ಪ್ರಮಾಣೀಕರಣ, ಮೇಲ್ವಿಚಾರಣೆ, ಚಿಕಿತ್ಸೆಯೊಡನೆ ಹೊಂದಾಣಿಕೆ ಇರಬೇಕೆಂದು ಸೂಚಿಸಿತು. ನಮ್ಮಲ್ಲೂ ಇವು ಬೇಕು. ಆತ್ಮಹತ್ಯೆಯ ಮಾತು ಬಂದಾಗ ಏನು ಮಾಡಬೇಕು, ಯಾವಾಗ ವೈದ್ಯರನ್ನು ಕರೆಯಬೇಕು, ರಾತ್ರಿ ಹೊತ್ತಿನಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹೇಗೆ ಜೋಡಿಸಬೇಕು ಎಂಬುದನ್ನು ಕಲಿಯದೆ ಯಾರೂ ನಮ್ಮ ಗುಂಪನ್ನು ನಡೆಸುವುದಿಲ್ಲ.

ಪೂರ್ವನಿದರ್ಶನವನ್ನು ಅಷ್ಟು ದೂರ ಹುಡುಕಬೇಕಾಗಿಯೂ ಇಲ್ಲ. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ವಿಕಲಚೇತನರೇ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಾಗಿ ಸರ್ಕಾರದಿಂದ ಗೌರವಧನ ಪಡೆದು ಇತರ ವಿಕಲಚೇತನರಿಗಾಗಿ ದುಡಿಯುತ್ತಿದ್ದಾರೆ. ಈ ತತ್ವವನ್ನು ಮಾನಸಿಕ ಆರೋಗ್ಯಕ್ಕೂ ಅನ್ವಯಿಸಿ ಎಂಬುದೇ ನಮ್ಮ ಮನವಿ. ಹಾಸನದ ಎಂಟು ತಾಲ್ಲೂಕುಗಳಿಗೆ ತಲಾ ಇಬ್ಬರಂತೆ ಹದಿನಾರು ಜನರ ಗೌರವಧನವನ್ನು ರಾಷ್ಟ್ರೀಯ ಆರೋಗ್ಯ ಅಭಿಯಾನಕ್ಕೆ ಕಳುಹಿಸುವ ಜಿಲ್ಲೆಯ ಮುಂದಿನ ಪ್ರಸ್ತಾವನೆಯಲ್ಲಿ ಪ್ರತ್ಯೇಕ ಸಾಲಾಗಿ ಸೇರಿಸಬೇಕೆಂದು ಕೇಳಿದ್ದೇವೆ. ಮನವಿಯ ಪ್ರತಿಯನ್ನು ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರಕ್ಕೂ ಕಳುಹಿಸುತ್ತಿದ್ದೇವೆ, ಏಕೆಂದರೆ ಕಾಯಿಲೆ ಅನುಭವಿಸಿದವರ ಪ್ರತಿನಿಧಿಗಳೂ ಅದರ ಸದಸ್ಯರಾಗಿರಬೇಕೆಂದು 2017ರ ಕಾಯ್ದೆಯೇ ಹೇಳುತ್ತದೆ.