ಜ್ಯೂರಿ ಸಮನ್ಸ್ ಬಂದರೆ ದಯವಿಟ್ಟು ಹೋಗಿ

ಅಮೆರಿಕದಲ್ಲಿ ಸಿಟಿಜನ್ ಆದ ಮೇಲೆ ಒಂದಲ್ಲ ಒಂದು ದಿನ ಕೋರ್ಟಿನಿಂದ ಜ್ಯೂರಿ ಸಮನ್ಸ್ ಬರಬಹುದು. ಜ್ಯೂರಿ ಅಂದರೆ ಕೋರ್ಟಿನಲ್ಲಿ ಕೂತು ಆರೋಪಿ ತಪ್ಪಿತಸ್ಥನೋ ಅಲ್ಲವೋ ಅಂತ ತೀರ್ಮಾನಿಸುವ ಸಾಮಾನ್ಯ ನಾಗರಿಕರ ಗುಂಪು; ಅದಕ್ಕೆ ಬರುವ ಕರೆಯೇ ಸಮನ್ಸ್. "ಏನು ಹೇಳಿದ್ರೆ ಬಿಟ್ಟುಬಿಡ್ತಾರೆ?" ಅಂತ ಕೇಳುವ ನಮ್ಮವರೇ ಜಾಸ್ತಿ. ಹಾಗೆ ಮಾಡಬೇಡಿ. ಆ ಕುರ್ಚಿಯಲ್ಲಿ ಯಾರು ಕೂರುತ್ತಾರೆ ಅನ್ನುವುದರ ಮೇಲೆ ಜೀವಗಳು ನಿಂತಿರುತ್ತವೆ.

ಸ್ಕಾಟ್ಸ್‌ಬರೊ ಕೇಸನ್ನೇ ನೋಡಿ. 1931ರ ಮಾರ್ಚ್ 25ರಂದು ಅಲಬಾಮಾದ ಪೇಂಟ್ ರಾಕ್‌ನಲ್ಲಿ ಗೂಡ್ಸ್ ರೈಲು ನಿಲ್ಲಿಸಿ ಒಂಬತ್ತು ಕಪ್ಪು ಹುಡುಗರನ್ನು ಹಿಡಿದರು. ಎಲ್ಲರಿಗಿಂತ ಚಿಕ್ಕವರಿಗೆ 13ರ ಆಸುಪಾಸು. ಅದೇ ರೈಲಿನಲ್ಲಿದ್ದ ಇಬ್ಬರು ಬಿಳಿಯ ಹೆಂಗಸರು ಅತ್ಯಾಚಾರದ ದೂರು ಕೊಟ್ಟರು. ಏಪ್ರಿಲ್ 6ಕ್ಕೆ ಸ್ಕಾಟ್ಸ್‌ಬರೊ ಊರಿನಲ್ಲಿ ವಿಚಾರಣೆ ಶುರು. 9ನೇ ತಾರೀಕಿಗೆ ಎಂಟು ಜನರಿಗೆ ಮರಣದಂಡನೆ! ಜ್ಯೂರಿಯಲ್ಲಿದ್ದವರೆಲ್ಲ ಬಿಳಿಯರು.

1933ರ ಮರುವಿಚಾರಣೆಯಲ್ಲಿ ದೂರು ಕೊಟ್ಟವರಲ್ಲಿ ಒಬ್ಬರಾದ ರೂಬಿ ಬೇಟ್ಸ್ ತಾವೇ ಬಂದು, ಅತ್ಯಾಚಾರ ನಡೆದೇ ಇಲ್ಲ ಅಂದರು. ಆದರೂ ಜ್ಯೂರಿ ಆ ಹುಡುಗರಲ್ಲಿ ಒಬ್ಬನಾದ ಹೇವುಡ್ ಪ್ಯಾಟರ್ಸನ್ ಅಪರಾಧಿ ಅಂತಲೇ ಹೇಳಿತು. ಜಡ್ಜ್ ಜೇಮ್ಸ್ ಹಾರ್ಟನ್ ಆ ತೀರ್ಪನ್ನು ರದ್ದು ಮಾಡಿದರು. ಇಲ್ಲಿ ಎಷ್ಟೋ ರಾಜ್ಯಗಳಲ್ಲಿ ಜಡ್ಜ್‌ಗಳನ್ನು ಆರಿಸುವುದು ಜನರ ಓಟು. ಹಾರ್ಟನ್ ಮುಂದಿನ ಚುನಾವಣೆಯಲ್ಲಿ ಸೋತರು.

ಹುಡುಗರ ಪರ ವಕೀಲ ಸ್ಯಾಮ್ಯುಯೆಲ್ ಲೀಬೋವಿಟ್ಸ್ ಜ್ಯೂರಿ ಪಟ್ಟಿಯ ದಪ್ಪ ಪುಸ್ತಕವನ್ನೇ ಸುಪ್ರೀಂ ಕೋರ್ಟಿಗೆ ಹೊತ್ತುಕೊಂಡು ಹೋದರು. ಕಪ್ಪು ಜನರ ಹೆಸರುಗಳೂ ಅದರಲ್ಲಿದ್ದವು, ಆದರೆ ಆಮೇಲೆ ತುರುಕಿದ್ದು. ನ್ಯಾಯಮೂರ್ತಿಗಳು ಭೂತಗನ್ನಡಿ ಹಿಡಿದು ನೋಡಿದರು. ಬಣ್ಣ ನೋಡಿ ಜನರನ್ನು ಜ್ಯೂರಿಯಿಂದ ದೂರ ಇಟ್ಟಿದ್ದು ತಪ್ಪು ಅಂತ 1935ರಲ್ಲಿ ತೀರ್ಪು ಬಂತು. ಹುಡುಗರ ಬಿಡುಗಡೆಗೆ ಅಷ್ಟೇ ಸಾಕಾಗಲಿಲ್ಲ. ಕೆಲವರು ಇನ್ನೂ ಎಷ್ಟೋ ವರ್ಷ ಜೈಲಿನಲ್ಲಿ ಕಳೆದರು. ಕೊನೆಯ ಮೂವರಿಗೆ ಕ್ಷಮಾದಾನ ಸಿಕ್ಕಿದ್ದು 2013ರಲ್ಲಿ, ಅವರೆಲ್ಲ ತೀರಿಹೋದ ಮೇಲೆ. ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ಈಗ ನಿಮ್ಮ ವಿಷಯ. ಗ್ರೀನ್ ಕಾರ್ಡ್ ಅಥವಾ ಎಚ್-1ಬಿ ಕೆಲಸದ ವೀಸಾ ಇದ್ದವರು ಜ್ಯೂರಿಯಲ್ಲಿ ಕೂರುವ ಹಾಗಿಲ್ಲ. ಪತ್ರ ಬಂದರೆ ಸುಮ್ನೆ ಎಸೆಯಬೇಡಿ. ಸಿಟಿಜನ್ ಅಲ್ಲ ಅಂತ ಗುರುತು ಮಾಡಿ ವಾಪಸ್ ಕಳಿಸಿ. ಸಿಟಿಜನ್ ಆದವರನ್ನು ಎರಡೂ ಕಡೆಯ ವಕೀಲರು ಪ್ರಶ್ನೆ ಕೇಳಿ ಆರಿಸಬಹುದು. ನಿಜ ಹೇಳಿ, ಅಷ್ಟು ಸಾಕು. ಬರೀ ಬಣ್ಣದ ಕಾರಣಕ್ಕೆ ಯಾರನ್ನೂ ತೆಗೆದುಹಾಕುವಂತಿಲ್ಲ ಅಂತ 1986ರಲ್ಲಿ ಇನ್ನೊಂದು ತೀರ್ಪು ಇದೆ.

ಆ ಹುಡುಗರಿಗೆ ಮೊದಲ ವಿಚಾರಣೆಯ ದಿನದವರೆಗೂ ಸರಿಯಾದ ವಕೀಲರೇ ಇರಲಿಲ್ಲ. ಹಾಗೆ ಮಾಡಿದ್ದು ತಪ್ಪು ಅಂತ ಇದೇ ಕೇಸಿನಲ್ಲಿ 1932ರಲ್ಲಿ ಬಂದ ಸುಪ್ರೀಂ ಕೋರ್ಟ್ ತೀರ್ಪು ಮರುವಿಚಾರಣೆಗೂ ವಕೀಲರ ಹಕ್ಕಿಗೂ ದಾರಿ ತೆರೆಯಿತು. 1963ರಿಂದ, ಗಂಭೀರ ಕ್ರಿಮಿನಲ್ ಕೇಸಿನಲ್ಲಿ ದುಡ್ಡಿಲ್ಲದವರಿಗೆ ಸರ್ಕಾರವೇ ವಕೀಲರನ್ನು ಕೊಡಬೇಕು. ವೀಸಾದ ಮೇಲಿದ್ದರೂ ಈ ಹಕ್ಕು ನಿಮಗಿದೆ. ಪೊಲೀಸರು ಹಿಡಿದರೆ, "ವಕೀಲರು ಬೇಕು" ಅಂತ ಸ್ಪಷ್ಟವಾಗಿ ಹೇಳಿ, ಆಮೇಲೆ ಸುಮ್ಮನಿರಿ. ತಪ್ಪೊಪ್ಪಿಕೊಂಡರೆ ಗಡೀಪಾರಾಗುವ ಅಪಾಯ ಇದೆಯಾ ಅಂತ ತಿಳಿಸುವುದು ನಿಮ್ಮ ವಕೀಲರ ಕರ್ತವ್ಯ. 2010ರಿಂದ ಅದೂ ಕಾನೂನು. ಸಹಿ ಹಾಕುವ ಮೊದಲು ನಿಮ್ಮ ವೀಸಾ ಯಾವುದು ಅಂತ ಅವರಿಗೆ ಹೇಳಿರಿ.